ಅಂಕವೇ ಇಲ್ಲದ ಪ್ರಶ್ನೆ: ಅಲ್ಲಿ ಮೊದಲೇ ಹೇಳ್ತಾರೆ, ನಮ್ಮಲ್ಲಿ ಆಮೇಲೆ ತೆಗೀತಾರೆ

ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಎಸಿಟಿ ಪರೀಕ್ಷೆ 2025ರಲ್ಲಿ ಹೊಸ ರೂಪಕ್ಕೆ ಬಂತು. ಪ್ರಶ್ನೆಗಳು ಕಡಿಮೆಯಾದವು, ಅವಧಿಯೂ ಕಡಿಮೆಯಾಯಿತು. ಅಷ್ಟರವರೆಗೆ ಎಲ್ಲರಿಗೂ ಅರ್ಥವಾಯಿತು. ಆದರೆ ಅದರ ಜೊತೆಗೇ ಇನ್ನೊಂದು ವಿಷಯ ಇತ್ತು. ಇಂಗ್ಲಿಷ್ ಭಾಗದ 50 ಪ್ರಶ್ನೆಗಳಲ್ಲಿ ಅಂಕ ಸಿಗುವುದು 40ಕ್ಕೆ ಮಾತ್ರ. ರೀಡಿಂಗ್ ಭಾಗದ 36ರಲ್ಲಿ 27ಕ್ಕೆ ಮಾತ್ರ. ಉಳಿದವು ಯಾವುವು ಅಂತ ಬರೆಯುವವರಿಗೆ ಗೊತ್ತಾಗುವುದಿಲ್ಲ.

ತುಮಕೂರಿನಲ್ಲೋ ಕೋಲಾರದಲ್ಲೋ ಪಿಯು ಮಕ್ಕಳಿರುವ ಮನೆಯಲ್ಲಿ ಇದನ್ನು ಹೇಳಿದರೆ ಮೊದಲು ಬರುವ ಮಾತು ಒಂದೇ: ಅಂಕ ಕೊಡಲ್ಲ ಅಂದಮೇಲೆ ಕೇಳೋದು ಯಾಕೆ? ನ್ಯಾಯವಾದ ಪ್ರಶ್ನೆ. ಮೇಲ್ನೋಟಕ್ಕೆ ಇದು ಸುಮ್ನೆ ಮಕ್ಕಳನ್ನು ಗೋಳಾಡಿಸುವ ಕೆಲಸದ ಹಾಗೆ ಕಾಣುತ್ತದೆ. ಆದರೆ ಇದರ ಹಿಂದಿನ ಲೆಕ್ಕ ನೋಡಿದರೆ, ನಮ್ಮ ಸಿಇಟಿ ಮತ್ತು ನೀಟ್‌ನಲ್ಲಿ ಕೆಲವು ವರ್ಷಗಳಿಂದ ನಡೆಯುತ್ತಿರುವ ಗಲಾಟೆಗಳೂ ಬೇರೆ ಬೆಳಕಿನಲ್ಲಿ ಕಾಣುತ್ತವೆ.

ಎಲ್ಲೆಲ್ಲಿ ಇವೆ

ಈ ಪದ್ಧತಿ ಹೊಸದಲ್ಲ. ಎಸಿಟಿಯ ಹಾಗೇ ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಡಿಜಿಟಲ್ ಸ್ಯಾಟ್‌ನಲ್ಲಿ ಒಟ್ಟು 98 ಪ್ರಶ್ನೆ. ಅದರಲ್ಲಿ 8ಕ್ಕೆ ಅಂಕ ಇಲ್ಲ. ನಾಲ್ಕು ಮಾಡ್ಯೂಲ್‌ಗಳಿದ್ದು, ಪ್ರತಿಯೊಂದರಲ್ಲೂ ಎರಡೆರಡು ಇಂಥ ಪ್ರಶ್ನೆಗಳು ಸೇರಿಕೊಂಡಿರುತ್ತವೆ. ಅಮೆರಿಕದ ಕಾನೂನು ಕಾಲೇಜುಗಳಿಗೆ ಬರೆಯುವ ಎಲ್‌ಸ್ಯಾಟ್‌ನದ್ದು ಬೇರೆ ದಾರಿ. ಅಲ್ಲಿ 35 ನಿಮಿಷಗಳ ನಾಲ್ಕು ಸೆಕ್ಷನ್ ಇರುತ್ತವೆ, ಅದರಲ್ಲಿ ಒಂದು ಸೆಕ್ಷನ್ ಇಡಿಯಾಗಿ ಪ್ರಯೋಗಕ್ಕೆ ಇಟ್ಟಿದ್ದು. ಅಲ್ಲಿನ ಮೆಡಿಕಲ್ ಪ್ರವೇಶದ ಎಂಕ್ಯಾಟ್‌ನಲ್ಲೂ ಪ್ರಯೋಗದ ಪ್ರಶ್ನೆಗಳಿವೆ.

ನಮ್ಮ ಜಿಲ್ಲೆಗಳ ನರ್ಸಿಂಗ್ ಕಾಲೇಜುಗಳಿಂದ ಅಮೆರಿಕಕ್ಕೆ ಹೋಗಬೇಕು ಅನ್ನುವವರು ಬರೆಯುವ ಎನ್‌ಕ್ಲೆಕ್ಸ್ ಪ್ರವೇಶ ಪರೀಕ್ಷೆಯಲ್ಲ, ಲೈಸೆನ್ಸ್ ಪರೀಕ್ಷೆ. ಅಲ್ಲೂ ಇದೇ ಕಥೆ. ಕನಿಷ್ಠ 85, ಗರಿಷ್ಠ 150 ಪ್ರಶ್ನೆ ಬರುತ್ತವೆ. ಅದರಲ್ಲಿ 15 ಲೆಕ್ಕಕ್ಕಿಲ್ಲ.

ಎಂಎಸ್‌ನಂಥ ಕೋರ್ಸ್‌ಗೆ ವಿದೇಶಕ್ಕೆ ಹೋಗುವವರು ಬರೆಯುವ ಜಿಆರ್‌ಇ ಮಾತ್ರ ಉಲ್ಟಾ ಹೋಯಿತು. ಸುಮಾರು ಮೂರು ಮುಕ್ಕಾಲು ಗಂಟೆಯಿದ್ದ ಪರೀಕ್ಷೆಯನ್ನು 2023ರ ಸೆಪ್ಟೆಂಬರ್‌ನಲ್ಲಿ 1 ಗಂಟೆ 58 ನಿಮಿಷಕ್ಕೆ ಇಳಿಸಿದರು. ಆಗ ಅಂಕವಿಲ್ಲದ ಸೆಕ್ಷನ್ನನ್ನೂ ತೆಗೆದುಹಾಕಿದರು. ಎಂಜಿನಿಯರಿಂಗ್ ಮುಗಿಸಿ ಎಂಎಸ್‌ಗೆ ತಯಾರಾಗುತ್ತಿರುವವರಿಗೆ ಸೀನಿಯರ್‌ಗಳು ಆ ಸೆಕ್ಷನ್ ಬಗ್ಗೆ ಇನ್ನೂ ಹಳೆಯ ಸಲಹೆಯನ್ನೇ ಕೊಡುತ್ತಿದ್ದರೆ ಅದನ್ನು ಬಿಟ್ಟುಬಿಡಬಹುದು.

ಪ್ರಶ್ನೆಗೇ ಒಂದು ಪರೀಕ್ಷೆ

ಒಂದು ಪ್ರಶ್ನೆ ಕಷ್ಟವೋ ಸುಲಭವೋ ಅಂತ ಅದನ್ನು ಬರೆದ ಮೇಷ್ಟ್ರಿಗೆ ನಿಖರವಾಗಿ ಗೊತ್ತಿರುವುದಿಲ್ಲ. ಇದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ, ಆದರೆ ಪಾಠ ಮಾಡುವವರೆಲ್ಲರಿಗೂ ಅನುಭವ ಇರುತ್ತದೆ. ಸುಲಭ ಅಂತ ಕೊಟ್ಟಿದ್ದಕ್ಕೆ ಇಡೀ ಕ್ಲಾಸು ಎಡವುತ್ತದೆ, ತಲೆ ಕೆಡಿಸಿಕೊಳ್ಳಲಿ ಅಂತ ಕೊಟ್ಟಿದ್ದನ್ನು ಹಿಂದಿನ ಬೆಂಚಿನವನೂ ಬಿಡಿಸಿಬಿಡುತ್ತಾನೆ. ಹಾಗಾಗಿ ಸಾವಿರಾರು ಜನ ನಿಜವಾಗಿ ಉತ್ತರ ಬರೆದ ಮೇಲೇ ಪ್ರಶ್ನೆಯ ಬಣ್ಣ ಗೊತ್ತಾಗುವುದು.

ಮುಖ್ಯವಾಗಿ ಎರಡು ವಿಷಯ ನೋಡುತ್ತಾರೆ. ನೂರರಲ್ಲಿ ಎಷ್ಟು ಜನ ಸರಿ ಮಾಡಿದರು ಅನ್ನುವುದು ಒಂದು. ಅದಕ್ಕಿಂತ ಮುಖ್ಯವಾದದ್ದು, ಯಾರು ಸರಿ ಮಾಡಿದರು ಅನ್ನುವುದು. ಇಡೀ ಪತ್ರಿಕೆಯಲ್ಲಿ ಚೆನ್ನಾಗಿ ಬರೆದವರು ಈ ಪ್ರಶ್ನೆಯನ್ನೂ ಹೆಚ್ಚಾಗಿ ಸರಿ ಮಾಡಿದ್ದರೆ ಪ್ರಶ್ನೆ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಚೆನ್ನಾಗಿ ಬರೆದವರೇ ತಪ್ಪು ಮಾಡಿ, ಒಟ್ಟಾರೆ ಕಡಿಮೆ ಅಂಕ ತೆಗೆದವರು ಸರಿ ಮಾಡಿದ್ದರೆ? ಅಲ್ಲಿ ಏನೋ ಎಡವಟ್ಟಾಗಿದೆ. ಕೀ ಉತ್ತರ ತಪ್ಪಿರಬಹುದು. ಅಥವಾ ವಾಕ್ಯ ಎರಡು ಅರ್ಥ ಕೊಡುತ್ತಿರಬಹುದು. ಜಾಸ್ತಿ ಓದಿಕೊಂಡ ಹುಡುಗಿ ಪ್ರಶ್ನೆ ಬರೆದವರಿಗೇ ಹೊಳೆಯದ ಇನ್ನೊಂದು ಸಾಧ್ಯತೆ ನೋಡಿ ಅದನ್ನು ಗುರುತು ಮಾಡಿರಬಹುದು. ಅಂಕ ಇಲ್ಲದ ಪ್ರಶ್ನೆಯಲ್ಲಿ ಇದು ಗೊತ್ತಾದರೆ ಯಾರ ರ್‍ಯಾಂಕಿಗೂ ತೊಂದರೆ ಇಲ್ಲ. ಪ್ರಶ್ನೆಯನ್ನು ತಿದ್ದುತ್ತಾರೆ, ಇಲ್ಲವೇ ಎಸೆಯುತ್ತಾರೆ.

ಕಂಪ್ಯೂಟರ್ ಪರೀಕ್ಷೆಗೆ ಇದು ಇನ್ನೂ ಅನಿವಾರ್ಯ. ಸ್ಯಾಟ್‌ನಲ್ಲಿ ಮೊದಲ ಮಾಡ್ಯೂಲ್ ಹೇಗೆ ಬರೆದಿರಿ ಅನ್ನುವುದರ ಮೇಲೆ ಎರಡನೆಯದು ಕಷ್ಟದ್ದೋ ಸುಲಭದ್ದೋ ಅಂತ ತೀರ್ಮಾನವಾಗುತ್ತದೆ. ಕಷ್ಟ ಯಾವುದು, ಸುಲಭ ಯಾವುದು ಅಂತ ಮೊದಲೇ ಅಳೆದು ಇಟ್ಟುಕೊಂಡಿರದಿದ್ದರೆ ಈ ಏರ್ಪಾಟು ನಡೆಯುವುದೇ ಇಲ್ಲ. ಹಾಗೇ ಮಾರ್ಚ್‌ನಲ್ಲಿ ಬರೆದವರ ಅಂಕವನ್ನೂ ಅಕ್ಟೋಬರ್‌ನಲ್ಲಿ ಬೇರೆ ಪತ್ರಿಕೆ ಬರೆದವರ ಅಂಕವನ್ನೂ ಒಂದೇ ಅಳತೆಯಲ್ಲಿ ಹೋಲಿಸಬೇಕಾದರೂ ಪ್ರಶ್ನೆಗಳ ತೂಕ ಗೊತ್ತಿರಬೇಕು.

ಯಾವುದು ಅಂತ ಹೇಳಿಬಿಟ್ಟರೆ?

ಸರಿ, ಪ್ರಯೋಗ ಮಾಡಲಿ, ಯಾವುದು ಅಂತ ಹೇಳಿಯಾದರೂ ಮಾಡಬಹುದಲ್ವಾ? ಹೇಳಿದರೆ ಪ್ರಯೋಗವೇ ಕೆಡುತ್ತದೆ. ಅಂಕ ಇಲ್ಲ ಅಂತ ಗೊತ್ತಿದ್ದರೆ ಯಾರು ತಲೆ ಕೊಡುತ್ತಾರೆ? ಯಾವುದೋ ಒಂದು ಆಯ್ಕೆಗೆ ಗುರುತು ಹಾಕಿ ಮುಂದೆ ಹೋಗುತ್ತಾರೆ. ಆಗ ಬರುವ ಅಂಕಿಅಂಶ ಸೋಮಾರಿತನದ್ದಾಗುತ್ತದೆ, ಪ್ರಶ್ನೆಯದ್ದಾಗುವುದಿಲ್ಲ. ಬೇರೆ ದಿನ, ಬೇರೆ ಮಕ್ಕಳನ್ನು ಕೂರಿಸಿ ಬರೆಸಿದರೂ ಇದೇ ಪಾಡು. ಸೀಟು ಸಿಗುತ್ತೋ ಇಲ್ವೋ ಅನ್ನುವ ಒತ್ತಡದಲ್ಲಿ ಬರೆಯುವ ಮನಸ್ಸೇ ಬೇರೆ.

ಅದಕ್ಕೇ ಎಲ್‌ಸ್ಯಾಟ್‌ನಲ್ಲಿ ಕಣ್ಣಾಮುಚ್ಚಾಲೆ ಆಟ ನಡೆಯುತ್ತದೆ. ಅಂಕವಿರುವುದು ಎರಡು ಲಾಜಿಕಲ್ ರೀಸನಿಂಗ್ (ತರ್ಕ), ಒಂದು ರೀಡಿಂಗ್ ಸೆಕ್ಷನ್‌ಗೆ. ರೀಡಿಂಗ್ ಎರಡು ಬಂದರೆ ಅದರಲ್ಲಿ ಒಂದು ಪ್ರಯೋಗದ್ದು ಅಂತ ಖಂಡಿತ ಗೊತ್ತಾಗುತ್ತದೆ. ಆದರೆ ಯಾವುದು? ಅದು ಗೊತ್ತಾಗುವುದಿಲ್ಲ. ಊಹೆ ಮಾಡಿ ಒಂದನ್ನು ಕೈಬಿಟ್ಟವರು ಊಹೆ ತಪ್ಪಾದರೆ ನೇರ ಬಾವಿಗೆ ಬೀಳುತ್ತಾರೆ. ವಿಚಿತ್ರವಾಗಿದ್ದದ್ದೆಲ್ಲ ಪ್ರಯೋಗದ್ದು ಅಂತ ಯಾರಾದರೂ ಕೋಚಿಂಗ್‌ನಲ್ಲಿ ಹೇಳಿಕೊಟ್ಟರೆ ನಂಬಬೇಡಿ.

ದುಡ್ಡು ನಮ್ಮದು, ಮಾಹಿತಿ ಅವರದು

ವಿರೋಧಿಸುವವರ ವಾದ ಹಗುರವಾದುದಲ್ಲ. ಬೀಜದ ಕಂಪನಿಯವರು ಕೋಲಾರದ ರೈತರ ಹೊಲದಲ್ಲಿ ಹೊಸ ಟೊಮೆಟೊ ತಳಿ ಪರೀಕ್ಷೆ ಮಾಡುವುದಾದರೆ ಇಷ್ಟು ಸಾಲು ನಮ್ಮದು ಅಂತ ಹೇಳಿ, ಒಪ್ಪಿಗೆ ತಗೊಂಡು ಮಾಡಬೇಕು. ಇಲ್ಲಿ ರೈತನೇ ಬೀಜಕ್ಕೆ ದುಡ್ಡು ಕೊಟ್ಟು, ಗೊಬ್ಬರ ಹಾಕಿ, ನೀರು ಹಾಯಿಸುತ್ತಾನೆ. ಯಾವ ಸಾಲು ಕಂಪನಿಯದ್ದು ಅಂತ ಕೊಯ್ಲು ಮುಗಿದರೂ ಅವನಿಗೆ ಹೇಳುವುದಿಲ್ಲ. ಅಂತರರಾಷ್ಟ್ರೀಯ ಪರೀಕ್ಷೆಗಳ ಶುಲ್ಕ ನಮ್ಮ ಕಡೆಯ ಮನೆಗಳಿಗೆ ಚಿಕ್ಕದೇನಲ್ಲ, ಜಿಆರ್‌ಇಗೆ ಒಂದು ಸಲಕ್ಕೆ 20 ಸಾವಿರ ರೂಪಾಯಿಗೂ ಹೆಚ್ಚು ಬೀಳುತ್ತದೆ.

ದುಡ್ಡಿಗಿಂತ ಸಮಯದ ವಾದ ಗಟ್ಟಿ ಅಂತ ನನಗೆ ಅನ್ನಿಸುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ, ಹೆಚ್ಚಿನವರು ಗಮನಿಸುವುದಿಲ್ಲ. ಎಲ್‌ಸ್ಯಾಟ್‌ನ ಹಾಗೆ ಪ್ರಯೋಗಕ್ಕೆ ಪ್ರತ್ಯೇಕ ಸೆಕ್ಷನ್, ಪ್ರತ್ಯೇಕ 35 ನಿಮಿಷ ಇದ್ದರೆ ಸುಸ್ತಾಗುತ್ತದೆ ನಿಜ, ಆದರೆ ಅಂಕವಿರುವ ಪ್ರಶ್ನೆಗಳ ಸಮಯಕ್ಕೆ ಕೈ ಹಾಕಿದಂತೆ ಆಗುವುದಿಲ್ಲ. ಎಸಿಟಿ, ಸ್ಯಾಟ್‌ಗಳಲ್ಲಿ ಹಾಗಲ್ಲ. ಪ್ರಯೋಗದ ಪ್ರಶ್ನೆ ಅಸಲಿ ಪ್ರಶ್ನೆಗಳ ಮಧ್ಯೆಯೇ ಕೂತಿರುತ್ತದೆ. ಇನ್ನೂ ಹದಕ್ಕೆ ಬರದ ಪ್ರಶ್ನೆಯೊಂದರ ಮೇಲೆ ಮೂರು ನಿಮಿಷ ಕಳೆದವರು ಅಂಕವಿರುವ ಎರಡು ಪ್ರಶ್ನೆಗಳನ್ನು ಬಿಟ್ಟು ಬರಬಹುದು. ಒಬ್ಬರಿಗೆ ಸಿಕ್ಕ ಪ್ರಯೋಗದ ಪ್ರಶ್ನೆ ಸಲೀಸು, ಪಕ್ಕದವರಿಗೆ ಸಿಕ್ಕಿದ್ದು ಕಗ್ಗಂಟು ಆಗಿದ್ದರೆ ಇಬ್ಬರೂ ಒಂದೇ ಪರೀಕ್ಷೆ ಬರೆದರು ಅನ್ನುವುದು ಪೂರ್ತಿ ನಿಜವಲ್ಲ. ಸ್ಯಾಟ್‌ನಲ್ಲಿ ಒಂದು ಮಾಡ್ಯೂಲ್‌ನ 27ಕ್ಕೋ 22ಕ್ಕೋ ಎರಡು ಅನ್ನುವುದನ್ನು ತಡೆದುಕೊಳ್ಳಬಹುದು. ಎಸಿಟಿ ರೀಡಿಂಗ್‌ನಲ್ಲಿ ನಾಲ್ಕರಲ್ಲಿ ಒಂದು ಪಾಲು ಅನ್ನುವುದು ಜಾಸ್ತಿಯಾಯಿತು.

2024ರ ಸಿಇಟಿ: ಬಯಸದೇ ಬಂದ ಪ್ರಯೋಗ

ಈಗ ನಮ್ಮ ಕಡೆಗೆ ಬರೋಣ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಪ್ರಶ್ನೆಗೊಂದು ಅಂಕ. ಪ್ರಯೋಗದ ಪ್ರಶ್ನೆ ಅಂತ ಯಾವುದೂ ಇಲ್ಲ, ಬಂದದ್ದೆಲ್ಲ ಲೆಕ್ಕಕ್ಕೆ. ಕಾಗದದ ಮೇಲೆ ಹಾಗೆ.

2024ರ ಏಪ್ರಿಲ್ 18 ಮತ್ತು 19ರಂದು ಪರೀಕ್ಷೆ ಆಯಿತು. ಪಠ್ಯದಿಂದ ತೆಗೆದುಹಾಕಿದ್ದ ಪಾಠಗಳಿಂದ ಪ್ರಶ್ನೆ ಬಂದಿವೆ ಅಂತ ರಾಜ್ಯದ ತುಂಬಾ ಕೂಗೆದ್ದಿತು. ಆಗ ಉನ್ನತ ಶಿಕ್ಷಣ ಸಚಿವರಾಗಿದ್ದವರು ಚಿಂತಾಮಣಿಯ ಶಾಸಕ ಎಂ.ಸಿ. ಸುಧಾಕರ್, ಹಾಗಾಗಿ ಚಿಕ್ಕಬಳ್ಳಾಪುರದ ಕಡೆ ಈ ಚರ್ಚೆಗೆ ಒಂದು ಕೈ ಜಾಸ್ತಿಯೇ ಬಿಸಿ ಇತ್ತು. ತಜ್ಞರಿಂದ ಪರಿಶೀಲನೆ ಮಾಡಿಸಿ ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಭೌತಶಾಸ್ತ್ರದಲ್ಲಿ 9, ರಸಾಯನಶಾಸ್ತ್ರದಲ್ಲಿ 15, ಗಣಿತದಲ್ಲಿ 15, ಜೀವಶಾಸ್ತ್ರದಲ್ಲಿ 11. ಮರುಪರೀಕ್ಷೆ ಇಲ್ಲ ಅಂದರು.

ಗಣಿತದ 60ರಲ್ಲಿ 15 ಅಂದರೆ ನಾಲ್ಕರಲ್ಲಿ ಒಂದು ಪಾಲು. ಎಲ್‌ಸ್ಯಾಟ್‌ನವರು ಬೇಕಂತಲೇ ಇಡುವ ಪ್ರಮಾಣವೂ ಅಷ್ಟೇ! ಅಂದರೆ ನಮ್ಮ ಮಕ್ಕಳು ಅಂಕವಿಲ್ಲದ ಪ್ರಶ್ನೆಗಳನ್ನು ಅಮೆರಿಕದವರಷ್ಟೇ ಬರೆದರು. ಆದರೆ ನಮ್ಮವರಿಗೆ ಅದು ಮೊದಲೇ ಗೊತ್ತಿರಲಿಲ್ಲ, ಅದಕ್ಕೆ ಬೇರೆ ಸಮಯ ಇರಲಿಲ್ಲ, ಅದರಿಂದ ಮುಂದಿನ ಪತ್ರಿಕೆಗೂ ಏನೂ ಉಪಯೋಗ ಆಗಲಿಲ್ಲ.

ಪರಿಣಾಮ ಯಾರ ಮೇಲೆ ಹೇಗೆ ಬಿತ್ತು ಅಂತ ಸ್ವಲ್ಪ ನಿಧಾನವಾಗಿ ನೋಡಬೇಕು. 60 ಪ್ರಶ್ನೆಗೆ 80 ನಿಮಿಷ ಅಂದರೆ ಒಂದಕ್ಕೆ 80 ಸೆಕೆಂಡ್. 15 ಪ್ರಶ್ನೆಗೆ 20 ನಿಮಿಷ. ಪಾವಗಡದ ಸರ್ಕಾರಿ ಪಿಯು ಕಾಲೇಜಿನ ಹುಡುಗಿಯೊಬ್ಬಳು, ತನಗೆ ಪಾಠವೇ ಆಗದ ಆ 15 ಪ್ರಶ್ನೆಗಳ ಜೊತೆ ಪ್ರಾಮಾಣಿಕವಾಗಿ ಗುದ್ದಾಡಿದ್ದರೆ 20 ನಿಮಿಷ ಹೋಯಿತು. ಆಮೇಲೆ ಪ್ರಶ್ನೆಗಳನ್ನು ಕೈಬಿಟ್ಟರು, ಸರಿ. ಆ 20 ನಿಮಿಷ ಯಾರು ವಾಪಸ್ ಕೊಡುತ್ತಾರೆ? ಅದೇ ಹೊತ್ತಿಗೆ, ಇದು ಸಿಲಬಸ್‌ನಲ್ಲಿ ಇಲ್ಲ ಅಂತ ಧೈರ್ಯವಾಗಿ ದಾಟಿಕೊಂಡು ಹೋದವನಿಗೆ ಉಳಿದ 45ಕ್ಕೆ ಪೂರ್ತಿ 80 ನಿಮಿಷ ಸಿಕ್ಕಿತು. ಇನ್ನು ಜೆಇಇ ಕೋಚಿಂಗ್‌ನಲ್ಲಿ ಆ ಪಾಠಗಳನ್ನೂ ಓದಿದ್ದವರು ಸರಿ ಉತ್ತರ ಬರೆದಿದ್ದರು, ಅವರ ಅಂಕ ಹೋಯಿತು. ಅವರಿಗೂ ಸಿಟ್ಟು ಬಂದಿದ್ದರೆ ತಪ್ಪೇನಿಲ್ಲ.

ಎಂಜಿನಿಯರಿಂಗ್ ರ್‍ಯಾಂಕಿಗೆ ಬೇಕಾದ ಮೂರು ವಿಷಯದ 180 ಪ್ರಶ್ನೆಗಳಲ್ಲಿ 39 ಹೋಗಿ 141 ಉಳಿದವು. ಸಿಇಟಿಗೂ ಪಿಯು ಅಂಕಕ್ಕೂ ಅರ್ಧರ್ಧ ತೂಕ. ಪ್ರಶ್ನೆಗಳು ಕಡಿಮೆಯಾದಷ್ಟೂ ಉಳಿದ ಒಂದೊಂದರ ತೂಕ ಏರುತ್ತದೆ, ಒಂದು ಅಜಾಗರೂಕತೆಯ ತಪ್ಪಿಗೆ ಮೊದಲಿಗಿಂತ ಹೆಚ್ಚು ರ್‍ಯಾಂಕ್ ಜಾರುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಸಿಲಬಸ್ ಹೊರಗಿನ ಪ್ರಶ್ನೆ ಹಿಡಿಯಲು ಸಾವಿರಾರು ಮಕ್ಕಳ ಮೇಲೆ ಪ್ರಯೋಗ ಬೇಕಾಗಿರಲಿಲ್ಲ. ಹೊಸ ಪಠ್ಯಪುಸ್ತಕ ತೆರೆದು ಒಬ್ಬರು ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು.

ಒಂದೇ ಪ್ರಶ್ನೆ, 44 ಟಾಪರ್‌ಗಳು

ಪ್ರಯೋಗದಿಂದ ನಿಜಕ್ಕೂ ಹಿಡಿಯಬಹುದಾಗಿದ್ದ ತಪ್ಪು ಅಂದರೆ ಅದೇ ವರ್ಷದ ನೀಟ್‌ನದ್ದು. ಪರಮಾಣು ಬಗ್ಗೆ ಭೌತಶಾಸ್ತ್ರದ ಒಂದು ಪ್ರಶ್ನೆ. ಎನ್‌ಸಿಇಆರ್‌ಟಿ ಹಳೆಯ ಪುಸ್ತಕ ಓದಿದವರಿಗೆ ಒಂದು ಉತ್ತರ, ಹೊಸ ಪುಸ್ತಕ ಓದಿದವರಿಗೆ ಇನ್ನೊಂದು. ನೀಟ್ ನಡೆಸುವ ಕೇಂದ್ರದ ಸಂಸ್ಥೆ ಎನ್‌ಟಿಎ ಎರಡಕ್ಕೂ ಅಂಕ ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಕೋರ್ಟು ದೆಹಲಿ ಐಐಟಿಯ ಮೂವರು ತಜ್ಞರ ಅಭಿಪ್ರಾಯ ಕೇಳಿತು, ಅವರು ಸರಿ ಉತ್ತರ ಒಂದೇ ಅಂದರು. 4 ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳಿಗೆ ಐದೈದು ಅಂಕ ಕಡಿಮೆಯಾಯಿತು. ಕೊಟ್ಟಿದ್ದ 4 ವಾಪಸ್, ಅದರ ಮೇಲೆ ನೆಗೆಟಿವ್ 1. ಪೂರ್ತಿ 720 ತೆಗೆದವರ ಸಂಖ್ಯೆ 61ರಿಂದ 17ಕ್ಕೆ ಇಳಿಯಿತು.

ಚೆನ್ನಾಗಿ ಓದಿದವರೇ ಎರಡು ಗುಂಪಾಗಿ ಎರಡು ಬೇರೆ ಆಯ್ಕೆ ಗುರುತು ಮಾಡುವುದು. ಮೇಲೆ ಹೇಳಿದ ಲೆಕ್ಕದಲ್ಲಿ ಮೊದಲ ನೋಟಕ್ಕೇ ಕಣ್ಣಿಗೆ ಹೊಡೆಯುವ ಲಕ್ಷಣ ಅದು. ಹಿಂದಿನ ವರ್ಷ ಅಂಕವಿಲ್ಲದೆ ಒಂದು ಸಲ ಕೇಳಿದ್ದರೆ ಸುಪ್ರೀಂ ಕೋರ್ಟಿನವರೆಗೆ ಹೋಗುವ ಅಗತ್ಯವೇ ಬರುತ್ತಿರಲಿಲ್ಲ.

ಹಾಗಂತ ಈ ಪದ್ಧತಿ ಎಲ್ಲ ರೋಗಕ್ಕೂ ಮದ್ದಲ್ಲ. 1980ರಲ್ಲಿ, ಸ್ಯಾಟ್‌ಗೆ ಮುಂಚೆ ತಯಾರಿಗೆ ಬರೆಯುವ ಅಮೆರಿಕದ ಪಿಸ್ಯಾಟ್ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ನಾಲ್ಕು ಮುಖದ ಪಿರಮಿಡ್ ಒಂದು, ಚೌಕ ತಳದ ಐದು ಮುಖದ ಪಿರಮಿಡ್ ಇನ್ನೊಂದು. ಎರಡರ ತ್ರಿಕೋನಗಳೂ ಒಂದೇ ಅಳತೆಯ ಸಮಬಾಹು. ಒಂದಕ್ಕೊಂದು ಅಂಟಿಸಿದರೆ ಹೊರಗೆ ಎಷ್ಟು ಮುಖ ಉಳಿಯುತ್ತವೆ? ಒಂಬತ್ತರಲ್ಲಿ ಅಂಟಿದ ಎರಡು ಹೋಗಿ ಏಳು, ಅಂತ ಕೀ ಉತ್ತರ. ಫ್ಲೋರಿಡಾದ ಒಬ್ಬ ಹುಡುಗ ಮಾದರಿ ಮಾಡಿ ತೋರಿಸಿದ, ಉತ್ತರ ಐದು. ಅಂಟಿಸಿದಾಗ ಎರಡೂ ಪಕ್ಕಗಳಲ್ಲಿ ಒಂದು ಪಿರಮಿಡ್ಡಿನ ಮುಖ ಇನ್ನೊಂದರ ಮುಖದ ಜೊತೆ ಒಂದೇ ಸಮತಲಕ್ಕೆ ಬಂದು ಸೇರಿಹೋಗುತ್ತದೆ. ಪರೀಕ್ಷೆ ನಡೆಸಿದವರು ತಪ್ಪು ಒಪ್ಪಿ ಅಂಕ ಸರಿಪಡಿಸಬೇಕಾಯಿತು. ಹೆಚ್ಚಿನ ಜಾಣರೆಲ್ಲ ಒಂದೇ ತಪ್ಪು ಮಾಡಿದರೆ ಅಂಕಿಅಂಶಕ್ಕೆ ಅದು ತಪ್ಪು ಅಂತ ಗೊತ್ತಾಗುವ ದಾರಿಯಿಲ್ಲ.

ಕಂಪ್ಯೂಟರ್ ಬಂದರೆ ಏನಾಗುತ್ತೆ

2024ರ ನೀಟ್ ಗಲಾಟೆ ನಂತರ ಇಸ್ರೊ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ನೇತೃತ್ವದ ಸಮಿತಿ ಪ್ರವೇಶ ಪರೀಕ್ಷೆಗಳು ಕಂಪ್ಯೂಟರ್ ಕಡೆ ಹೋಗಬೇಕು ಅಂತ ಶಿಫಾರಸು ಮಾಡಿತು. 20 ಲಕ್ಷಕ್ಕೂ ಹೆಚ್ಚು ಜನರನ್ನು ಒಂದೇ ಹೊತ್ತಿಗೆ ಕಂಪ್ಯೂಟರ್ ಮುಂದೆ ಕೂರಿಸುವುದು ಕಷ್ಟ. ಹಾಗಾಗಿ ಕಂಪ್ಯೂಟರ್ ಅಂದರೆ ಹಲವು ಶಿಫ್ಟ್. ಹಲವು ಶಿಫ್ಟ್ ಅಂದರೆ ಹಲವು ಪತ್ರಿಕೆ. ಹಲವು ಪತ್ರಿಕೆ ಅಂದರೆ, ನನಗೆ ಕಷ್ಟದ್ದು ಬಂತು, ಅವನಿಗೆ ಸುಲಭದ್ದು ಬಂತು ಅನ್ನುವ ಜಗಳ.

ಜೆಇಇ ಮೇನ್‌ನಲ್ಲಿ ಇದಕ್ಕೆ ಈಗ ಇರುವ ಪರಿಹಾರ ನಾರ್ಮಲೈಸೇಷನ್. ಪ್ರತಿ ಶಿಫ್ಟಿನೊಳಗೆ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಅಂಕ ತೆಗೆದವರು ನೂರಕ್ಕೆ ಎಷ್ಟು ಜನ ಇದ್ದಾರೆ ಅಂತ ನೋಡಿ ಪರ್ಸೆಂಟೈಲ್ ಕೊಡುತ್ತಾರೆ. ಇದರ ಕೆಳಗೆ ಒಂದು ನಂಬಿಕೆ ಅಡಗಿದೆ: ಎಲ್ಲ ಶಿಫ್ಟಿನ ಮಕ್ಕಳೂ ಸರಾಸರಿಯಲ್ಲಿ ಒಂದೇ ಮಟ್ಟದವರು. ಜನ ಜಾಸ್ತಿ ಇದ್ದು, ಶಿಫ್ಟ್ ಹಂಚಿದ್ದು ಯಾದೃಚ್ಛಿಕವಾಗಿದ್ದರೆ ಅದು ಸುಮಾರಾಗಿ ನಿಲ್ಲುತ್ತದೆ. ಆದರೆ ಪತ್ರಿಕೆ ಕಷ್ಟವಿತ್ತೋ, ಆ ದಿನ ಬಂದವರೇ ಚುರುಕಾಗಿದ್ದರೋ ಅಂತ ಬೇರ್ಪಡಿಸಿ ಹೇಳಲು ಆ ಲೆಕ್ಕಕ್ಕೆ ಬರುವುದಿಲ್ಲ. ಮೊದಲೇ ತೂಕ ಗೊತ್ತಿರುವ ಪ್ರಶ್ನೆಗಳ ಬ್ಯಾಂಕ್ ಇದ್ದರೆ ಬರುತ್ತದೆ. ಆ ಬ್ಯಾಂಕ್ ತುಂಬಬೇಕಾದರೆ ಯಾರಾದರೂ, ಯಾವುದಾದರೂ ವರ್ಷ, ಅಂಕವಿಲ್ಲದ ಪ್ರಶ್ನೆಗಳಿಗೆ ಉತ್ತರ ಬರೆಯಲೇಬೇಕು.

ತೊಡಕು ಎಲ್ಲಿದೆ

ಅಮೆರಿಕದ ಏರ್ಪಾಟನ್ನು ಹಾಗೇ ತಂದು ಇಲ್ಲಿ ನೆಡಲು ಆಗದಿರುವುದಕ್ಕೆ ಕಾರಣ ಇದೆ. ಪ್ರಯೋಗದ ಪ್ರಶ್ನೆ ಮುಂದೆ ಬಳಕೆಗೆ ಬರಬೇಕಾದರೆ ಗುಟ್ಟಾಗಿ ಉಳಿಯಬೇಕು. ನಮ್ಮಲ್ಲಿ ಸಿಇಟಿ ಬರೆದವರು ಪ್ರಶ್ನೆಪತ್ರಿಕೆ ಮನೆಗೆ ತರುತ್ತಾರೆ. ಸಂಜೆಯೊಳಗೆ ಕೋಚಿಂಗ್ ಸೆಂಟರ್‌ಗಳು ಅದನ್ನು ಬಿಡಿಸಿ ಹಾಕಿರುತ್ತವೆ. ಕೀ ಉತ್ತರ ಪ್ರಕಟವಾಗುತ್ತದೆ, ಆಕ್ಷೇಪಣೆ ಸಲ್ಲಿಸಬಹುದು, ಎನ್‌ಟಿಎ ಅದಕ್ಕೆ ಪ್ರಶ್ನೆಗೆ 200 ರೂಪಾಯಿ ತಗೊಳ್ಳುತ್ತದೆ. ಮೌಲ್ಯಮಾಪನವಾದ ತನ್ನ ಉತ್ತರ ಪತ್ರಿಕೆ ನೋಡುವುದು ಅಭ್ಯರ್ಥಿಯ ಹಕ್ಕು ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಮಾಹಿತಿ ಹಕ್ಕಿನ ಅಡಿ ಹೇಳಿದೆ. 2024ರ 50 ಪ್ರಶ್ನೆಗಳ ವಿಷಯ ಹೊರಬಂದದ್ದೇ ಪತ್ರಿಕೆ ಕೈಯಲ್ಲಿ ಇದ್ದದ್ದರಿಂದ. ಪತ್ರಿಕೆ ಗುಟ್ಟಾಗಿದ್ದಿದ್ದರೆ ಆ ತಪ್ಪು ಹಾಗೇ ಮುಚ್ಚಿಹೋಗುತ್ತಿತ್ತು.

ಅಮೆರಿಕದಲ್ಲೂ ಈ ಜಗ್ಗಾಟ ನಡೆದಿದೆ. ನ್ಯೂಯಾರ್ಕ್ ರಾಜ್ಯ 1979ರಲ್ಲಿ ಕಾನೂನು ಮಾಡಿ, ಅಂಕಕ್ಕೆ ಬಳಸಿದ ಪ್ರಶ್ನೆ ಮತ್ತು ಉತ್ತರಗಳನ್ನು ಅಭ್ಯರ್ಥಿಗಳಿಗೆ ತೋರಿಸಬೇಕು ಅಂದಿತು. ಗುಟ್ಟು ಇಟ್ಟರೂ ಅದು ಉಳಿಯುತ್ತದೆ ಅನ್ನುವ ಖಾತ್ರಿಯಿಲ್ಲ. 1994ರಲ್ಲಿ ಕ್ಯಾಪ್ಲನ್ ಅನ್ನುವ ಕೋಚಿಂಗ್ ಕಂಪನಿ ತನ್ನ ಸಿಬ್ಬಂದಿಯನ್ನೇ ಜಿಆರ್‌ಇಗೆ ಕೂರಿಸಿ, ಪ್ರಶ್ನೆಗಳನ್ನು ನೆನಪಿಟ್ಟುಕೊಂಡು ಬರಲು ಹೇಳಿತ್ತು. ಟೆಲಿಗ್ರಾಂ ಆ್ಯಪ್‌ನ ಈ ಕಾಲದಲ್ಲಿ ಈ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅಂತ ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಮಧ್ಯದ ದಾರಿ ಇದೆ. ಅಂಕವಿರುವ ಪ್ರಶ್ನೆಗಳನ್ನು ಈಗಿನ ಹಾಗೇ ಪ್ರಕಟಿಸಿ, ಆಕ್ಷೇಪಣೆಗೆ ಬಿಡಿ. ಪ್ರಯೋಗದ್ದನ್ನು ಮಾತ್ರ ತಡೆದಿಟ್ಟುಕೊಳ್ಳಿ. ಆದರೆ ಅವು ಎಷ್ಟಿವೆ ಅಂತ ಮಾಹಿತಿ ಪುಸ್ತಕದಲ್ಲೇ ಬರೆಯಿರಿ, ಅವಕ್ಕೆ ತಗಲುವ ಸಮಯವನ್ನು ಸೇರಿಸಿ ಕೊಡಿ. ನೀಟ್‌ನಲ್ಲಂತೂ ಸಮಯ ಸೇರಿಸದೆ ಇದನ್ನು ಮಾಡಲೇಬಾರದು, 180 ನಿಮಿಷಕ್ಕೆ 180 ಪ್ರಶ್ನೆ ಇರುವ ಕಡೆ ಹತ್ತು ಪ್ರಶ್ನೆ ಸುಮ್ನೆ ತುರುಕಿದರೆ ಅದು ಹತ್ತು ನಿಮಿಷದ ಕಳ್ಳತನ. ಓಎಂಆರ್ ಶೀಟಿನ, ಪತ್ರಿಕೆ ಮನೆಗೆ ತರುವ ಸಿಇಟಿಯಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಸದ್ಯಕ್ಕೆ ಆಗಬೇಕಾದದ್ದು ಪತ್ರಿಕೆಯನ್ನು ಸಿಲಬಸ್ ಜೊತೆ ಇಟ್ಟು ನೋಡುವ ಎರಡನೇ ಜೊತೆ ಕಣ್ಣು, ಅಷ್ಟೇ.

ಈ ವರ್ಷ ಬರೆಯುವವರಿಗೆ

ಸಿಇಟಿ, ನೀಟ್, ಜೆಇಇ ಬರೆಯುವವರು ಎಲ್ಲ ಪ್ರಶ್ನೆಗೂ ಅಂಕ ಇದೆ ಅಂದುಕೊಂಡೇ ಬರೆಯಬೇಕು, ಯಾವುದನ್ನೋ ಆಮೇಲೆ ಕೈಬಿಡುತ್ತಾರೆ ಅಂತ ಲೆಕ್ಕ ಹಾಕುವುದು ಜೂಜು. ಸಿಇಟಿಯಲ್ಲಿ ನೆಗೆಟಿವ್ ಅಂಕ ಇಲ್ಲ. ಹಾಗಾಗಿ ಓದಿರದ ಪಾಠದ ಪ್ರಶ್ನೆ ಕಂಡರೆ ಒಂದು ಆಯ್ಕೆ ತುಂಬಿ ಮುಂದೆ ಹೋಗಿ, ಗುದ್ದಾಡುವ ಆಸೆ ಇದ್ದರೆ ಕೊನೆಗೆ ವಾಪಸ್ ಬನ್ನಿ. ಜೆಇಇಯಲ್ಲಿ ಪ್ರಶ್ನೆ ಕೈಬಿಟ್ಟರೆ ಎಲ್ಲರಿಗೂ 4 ಅಂಕ ಸೇರುತ್ತದೆ, 2024ರ ಸಿಇಟಿಯಲ್ಲಿ ಅದನ್ನು ಲೆಕ್ಕದಿಂದಲೇ ತೆಗೆದರು. ಎರಡರ ಪರಿಣಾಮ ಬೇರೆ ಬೇರೆ, ಗೊಂದಲ ಮಾಡಿಕೊಳ್ಳಬೇಡಿ. ಪ್ರಶ್ನೆಪತ್ರಿಕೆ ಮತ್ತು ಓಎಂಆರ್ ಪ್ರತಿಯನ್ನು ಸೀಟು ಖಾತ್ರಿಯಾಗುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಿ. ಕೀ ಉತ್ತರಕ್ಕೆ ಆಕ್ಷೇಪಣೆ ಹಾಕಲು ಸಿಗುವುದು ಕೆಲವೇ ದಿನ, ಅದು ಮುಗಿದ ಮೇಲೆ ನಿಮ್ಮ ಮಾತು ಎಷ್ಟೇ ಸರಿಯಿದ್ದರೂ ಕೇಳುವವರು ಇರುವುದಿಲ್ಲ.